ಸಕ್ಕರೆ ಆರತಿಯಿಂದ ರೆಸಿನ್ ಮಣಿಯವರೆಗೆ

ಕರಗಿದ ವಸ್ತುವನ್ನು ಅಚ್ಚಿಗೆ ಸುರಿದು, ಅದು ಅಲ್ಲೇ ಗಟ್ಟಿಯಾದ ಮೇಲೆ ಬಿಡಿಸಿ ತೆಗೆಯುವ ಕೆಲಸಕ್ಕೆ ಎರಕ ಎಂದು ಹೆಸರು. ಕಂಚಿನ ಮೂರ್ತಿ, ಮೇಣದ ಬತ್ತಿ, ಅಚ್ಚುಬೆಲ್ಲ ಎಲ್ಲವೂ ಎರಕದಿಂದಲೇ ಆಗುವಂಥವು. ಇವುಗಳ ಹೊರಮೈ ಚೆನ್ನಾಗಿ ಬಂದರೆ ಸಾಕು, ಒಳಗೆ ಗುಳ್ಳೆ ಉಳಿದರೂ ಯಾರ ಕಣ್ಣಿಗೂ ಬೀಳದು. ಗಾಜಿನಂತೆ ಪಾರದರ್ಶಕವಾಗಿರಬೇಕಾದ ಎರಕಕ್ಕೆ ಈ ರಿಯಾಯಿತಿ ಇಲ್ಲ. ಸಿನಿಮಾದಲ್ಲಿ ಕಂಡ ನಾಗಮಣಿ, ಕಿರೀಟದ ಹರಳು, ಮದ್ದಿನ ಶೀಸೆ ಇಂಥವುಗಳ ಪ್ರತಿರೂಪ ಮಾಡುವವರು ರೆಸಿನ್ ಎಂಬ ದ್ರವ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹುಯ್ಯುತ್ತಾರೆ. ಆ ಕೆಲಸದ ಕಷ್ಟವೆಲ್ಲ ಇರುವುದು ಒಳಗಿನದೂ ಹೊರಗಿನಷ್ಟೇ ಕಾಣುತ್ತದೆ ಎಂಬಲ್ಲಿ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಅಚ್ಚಿನ ಎರಕ ಹೊಸತಲ್ಲ. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಬರುವ ಕಾರ್ತಿಕದ ಗೌರಿ ಹುಣ್ಣಿಮೆಗೆ ಉತ್ತರ ಕರ್ನಾಟಕದ ಉಳಿದ ಊರುಗಳಂತೆ ಇಲ್ಲೂ ಸಕ್ಕರೆ ಆರತಿ ಎರೆಯುತ್ತಾರೆ. ತೇರು, ಆನೆ, ಒಂಟೆ, ಗಿಳಿ, ನವಿಲು, ಬಸವಣ್ಣ, ಶಿವ-ಪಾರ್ವತಿಯರ ಆಕಾರದ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ಗೌರಿಗೆ ಬೆಳಗುತ್ತಾರೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿ ಒಯ್ದು ಕೊಡುವ ರೂಢಿಯೂ ಇದೆ. ಮಹಾಲಿಂಗಪುರದಂಥ ಬೆಲ್ಲದ ಪೇಟೆ ಇರುವ ಕಬ್ಬಿನ ನಾಡು ಇದು. ಪಾಕದ ಹದ ಬಲ್ಲವರಿಗೆ ಇಲ್ಲಿ ಎಂದೂ ಕೊರತೆಯಾಗಿಲ್ಲ. ಪಾರದರ್ಶಕ ಎರಕದ ಶಾಸ್ತ್ರವನ್ನು ತಿಳಿಯಲು ಈ ಸಕ್ಕರೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಆರತಿಯ ಅಚ್ಚು ಮರದ್ದು, ಸಾಮಾನ್ಯವಾಗಿ ಸಾಗವಾನಿಯದ್ದು. ಗೊಂಬೆಯ ಅರ್ಧ ಆಕಾರ ಒಂದು ಹಲಗೆಯಲ್ಲಿ, ಇನ್ನರ್ಧ ಮತ್ತೊಂದರಲ್ಲಿ ಕೊರೆದಿರುತ್ತದೆ. ತೇರಿನಂಥ ದೊಡ್ಡ ಗೊಂಬೆಗೆ ಹಲಗೆಗಳು ಎರಡಕ್ಕಿಂತ ಹೆಚ್ಚು. ಅಚ್ಚನ್ನು ಮೊದಲು ನೀರಿನಲ್ಲಿ ನೆನೆಸಿಡುತ್ತಾರೆ. ಮರ ನೀರು ಕುಡಿದು ತುಂಬಿಕೊಂಡರೆ ಪಾಕ ಅದರೊಳಕ್ಕೆ ಇಳಿಯುವುದಿಲ್ಲ, ಗೊಂಬೆ ಅಂಟದೆ ಬಿಡುತ್ತದೆ. ಆಮೇಲೆ ನೀರು ಒರೆಸಿ, ಹಲಗೆಗಳನ್ನು ಕೂಡಿಸಿ ದಾರದಿಂದಲೋ ರಬ್ಬರಿನಿಂದಲೋ ಬಿಗಿದು ನಿಲ್ಲಿಸುತ್ತಾರೆ. ಸಕ್ಕರೆಗೆ ನೀರು ಹಾಕಿ ಕುದಿಸಿ, ಹಾಲು ಬಿಟ್ಟು ಕೊಳೆ ಮೇಲೆ ಬಂದಾಗ ಬಟ್ಟೆಯಲ್ಲಿ ಸೋಸುತ್ತಾರೆ. ಸೋಸಿದ್ದನ್ನು ಸ್ವಲ್ಪ ಸ್ವಲ್ಪವೇ ಮತ್ತೆ ಕಾಯಿಸಿ ಗಟ್ಟಿ ಎಳೆಪಾಕಕ್ಕೆ ತಂದು, ಬೆಳ್ಳಗಾಗುವವರೆಗೆ ಚಮಚದಿಂದ ತಿರುವಿ, ಒಂದೇ ಸಮನೆ ಅಚ್ಚಿಗೆ ಸುರಿಯುತ್ತಾರೆ. ಅಚ್ಚು ಬಿಚ್ಚಿದಾಗ ಗೊಂಬೆಯ ಎರಡೂ ಮಗ್ಗುಲಿಗೆ ಹಲಗೆಗಳು ಕೂಡಿದ ಕಡೆ ತೆಳುವಾದ ಗೆರೆ ಕಾಣುತ್ತದೆ. ಕಾರ್ಖಾನೆಯ ಪ್ಲಾಸ್ಟಿಕ್ ಆಟಿಕೆಯ ಮೇಲೂ ಇದೇ ಗೆರೆ ಇರುತ್ತದೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಘಟ್ಟ ಚಮಚದಿಂದ ತಿರುವುವುದು. ಪಾಕ ಒಲೆಯ ಮೇಲಿರುವಾಗ ತಿಳಿಯಾಗಿರುತ್ತದೆ, ತಿರುವಿದೊಡನೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. 110 ಡಿಗ್ರಿ ಸೆಲ್ಸಿಯಸ್ ದಾಟಿದ ಪಾಕದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸಕ್ಕರೆ. ತಣಿಯುತ್ತ ಬಂದಂತೆ ಅಷ್ಟು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ನೀರಿಗೆ ಇರುವುದಿಲ್ಲ. ತಿರುವಿದರೆ ಅಸಂಖ್ಯಾತ ಸಣ್ಣ ಹರಳುಗಳು ಒಮ್ಮೆಲೇ ಹುಟ್ಟುತ್ತವೆ. ಒಂದೊಂದು ಹರಳೂ ತನ್ನಷ್ಟಕ್ಕೆ ಪಾರದರ್ಶಕವೇ. ಆದರೆ ಹರಳಿನಿಂದ ಪಾಕಕ್ಕೆ, ಪಾಕದಿಂದ ಗಾಳಿಗೆ, ಗಾಳಿಯಿಂದ ಮತ್ತೊಂದು ಹರಳಿಗೆ ದಾಟುವಾಗ ಪ್ರತಿ ಗಡಿಯಲ್ಲೂ ಬೆಳಕು ಸ್ವಲ್ಪ ಮರಳುತ್ತದೆ, ಸ್ವಲ್ಪ ಬಾಗುತ್ತದೆ. ಸಾವಿರಾರು ಗಡಿ ದಾಟಿದ ಬೆಳಕು ದಿಕ್ಕು ತಪ್ಪಿ ಎಲ್ಲ ಕಡೆ ಚದುರುವುದರಿಂದ ಕಣ್ಣಿಗೆ ಕಾಣುವುದು ಬಿಳುಪು ಮಾತ್ರ. ವಸ್ತುವಿನ ಒಳಗೆ ಇಂಥ ಗಡಿಗಳೇ ಇಲ್ಲದಿದ್ದರೆ ಅದು ಗಾಜಿನಂತೆ ಕಾಣುತ್ತದೆ. ಪಾರದರ್ಶಕ ಎರಕದ ಎಲ್ಲ ನಿಯಮಗಳೂ ಈ ಒಂದು ಮಾತಿನಿಂದಲೇ ಹುಟ್ಟಿದವು.

ಅದೇ ಸಕ್ಕರೆಯನ್ನು ತಿರುವದೆ, ಇನ್ನೂ ಮೇಲಕ್ಕೆ, ಸುಮಾರು 150 ಡಿಗ್ರಿಯವರೆಗೆ ಕಾಯಿಸಿದರೆ ನೀರು ನೂರಕ್ಕೆ ಒಂದೆರಡು ಪಾಲಿಗೆ ಇಳಿಯುತ್ತದೆ. ಆಗ ಸುರಿದು ಬೇಗ ತಣಿಸಿದರೆ ಹರಳು ಕಟ್ಟಲು ಸಕ್ಕರೆಯ ಅಣುಗಳಿಗೆ ಪುರಸೊತ್ತೇ ಸಿಗುವುದಿಲ್ಲ. ಇದ್ದಲ್ಲೇ ಹೆಪ್ಪುಗಟ್ಟಿ ಗಾಜಾಗುತ್ತವೆ. ಪಾಕಕ್ಕೆ ನಿಂಬೆರಸ ಹಿಂಡುವ ಅಡುಗೆಮನೆಯ ಪದ್ಧತಿಯ ಹಿಂದೆಯೂ ಇದೇ ಕಾರಣವಿದೆ. ಹುಳಿ ಸಕ್ಕರೆಯ ಒಂದಿಷ್ಟು ಪಾಲನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಈ ಬೇರೆ ಅಣುಗಳು ನಡುವೆ ಸೇರಿ ಹರಳು ಕಟ್ಟುವುದಕ್ಕೆ ಅಡ್ಡಬರುತ್ತವೆ. ಸಿನಿಮಾದಲ್ಲಿ ನಾಯಕ ಕಿಟಕಿ ಒಡೆದು ಹಾರುವ, ತಲೆಗೆ ಬಾಟಲಿ ಬೀಳುವ ದೃಶ್ಯಗಳಿಗೆ ಬಹುಕಾಲ ಬಳಕೆಯಾದದ್ದು ಈ ಸಕ್ಕರೆಯ ಗಾಜೇ. ಒಡೆದರೆ ಚೂರುಚೂರಾಗುತ್ತದೆ, ನಿಜವಾದ ಗಾಜಿನಷ್ಟು ಮೈ ಕೊಯ್ಯುವುದಿಲ್ಲ.

ಸಕ್ಕರೆಯ ಗಾಜಿನ ದೋಷವನ್ನು ಈ ಸೀಮೆಯ ಬೆಲ್ಲದ ವ್ಯಾಪಾರಿಗೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವಂತೆ ಸಕ್ಕರೆಯ ಗಾಜೂ ಗಾಳಿಯ ತೇವ ಹೀರಿ ಮೊದಲು ಜಿಗುಟಾಗುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ಹರಳುಗಟ್ಟಿ ಬೆಳ್ಳಗಾಗುತ್ತದೆ. ಚಿತ್ರೀಕರಣದ ದೀಪದ ಕಾವಿಗೂ ಅದು ತಾಳದು. ಹಾಗಾಗಿ ಒಡೆಯುವ ಸಾಮಾನಿಗೆ ಮುಂದೆ ಪೆಡಸಾದ ಕೃತಕ ರೆಸಿನ್‌ಗಳು ಬಂದವು. ಒಡೆಯದೆ ವರ್ಷಗಟ್ಟಲೆ ಉಳಿಯಬೇಕಾದ ಮಣಿ, ಹರಳುಗಳಿಗೆ ಬೇರೆಯೇ ಜಾತಿಯ, ಗಟ್ಟಿಯಾದ ರೆಸಿನ್‌ಗಳು ಬೇಕಾದವು.

ರೆಸಿನ್ ಗಟ್ಟಿಯಾಗುವುದು ತಣಿಯುವುದರಿಂದ ಅಲ್ಲ, ರಾಸಾಯನಿಕ ಕ್ರಿಯೆಯಿಂದ. ದ್ರವದಲ್ಲಿ ಬಿಡಿಬಿಡಿಯಾಗಿದ್ದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಒಮ್ಮೆ ಹೆಣೆದುಕೊಂಡರೆ ಸಕ್ಕರೆಯಂತೆ ಮತ್ತೆ ಕರಗಿಸಲು ಬರುವುದಿಲ್ಲ. ಪಾರದರ್ಶಕ ಕೆಲಸಕ್ಕೆ ಮೂರು ಜಾತಿಗಳು ಚಾಲ್ತಿಯಲ್ಲಿವೆ. ಫೈಬರ್ ಮೂರ್ತಿ ಮಾಡುವವರಿಗೆ ಪರಿಚಯವಿರುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಹೊಳಪೂ ಚೆನ್ನ. ಆದರೆ ಅದರಲ್ಲಿರುವ ಸ್ಟೈರೀನ್‌ನ ಘಾಟು ಬಹಳ, ಗಟ್ಟಿಯಾಗುವಾಗ ಗಾತ್ರದಲ್ಲಿ ನೂರಕ್ಕೆ ಐದಾರು ಪಾಲು ಕುಗ್ಗುತ್ತದೆ, ಗಾಳಿಗೆ ತೆರೆದ ಮೈ ಅಂಟಂಟಾಗಿ ಉಳಿಯುತ್ತದೆ. ಪಾಲಿಯುರೆಥೇನ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಆದರೆ ಒಂದು ಹನಿ ತೇವ ತಗುಲಿದರೂ ನೊರೆಯೇಳುತ್ತದೆ, ಅದರ ಆವಿ ಶ್ವಾಸಕೋಶಕ್ಕೆ ಅಪಾಯಕಾರಿ. ಎಪಾಕ್ಸಿ ನಿಧಾನ, ಕುಗ್ಗುವುದು ಕಡಿಮೆ, ಘಾಟು ಕಡಿಮೆ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಎಪಾಕ್ಸಿಯೇ ಸರಿ, ಉಳಿದೆರಡು ಅನುಭವ ಬಂದ ಮೇಲಿನ ಮಾತು.

ಉದಾಹರಣೆಗೆ ಬಭ್ರುವಾಹನನ ಕತೆಯ ಸಂಜೀವಕ ಮಣಿಯನ್ನೇ ತೆಗೆದುಕೊಳ್ಳಬಹುದು. ಮಗನ ಬಾಣಕ್ಕೆ ಬಿದ್ದ ಅರ್ಜುನನನ್ನು ಬದುಕಿಸಿದ ನಾಗಲೋಕದ ಈ ಮಣಿ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿದೆ. 1977ರಲ್ಲಿ ಬಂದ ರಾಜ್‌ಕುಮಾರ್ ಅವರ ‘ಬಭ್ರುವಾಹನ’ ಚಿತ್ರದಿಂದ ಈ ಕತೆ ಮತ್ತೆ ಮನೆಮಾತಾಯಿತು. ಅಂಥ ಮಣಿಯನ್ನು 4 ಸೆಂಟಿಮೀಟರ್ ಅಡ್ಡಳತೆಯ ಗುಂಡಾಗಿ ಎರೆಯಬೇಕಾದರೆ ಸುಮಾರು 34 ಮಿಲಿಲೀಟರ್ ರೆಸಿನ್ ಬೇಕು. ತೂಕ 40 ಗ್ರಾಂ ಮುಟ್ಟದು. ಅಷ್ಟೇ ಗಾತ್ರದ ಗಾಜಿನ ಗುಂಡು 80 ಗ್ರಾಂ ದಾಟುತ್ತದೆ, ಕೈಜಾರಿ ಬಿದ್ದರೆ ಒಡೆಯುತ್ತದೆ. ರಾತ್ರಿಯಿಡೀ ಕಿರೀಟ ಹೊತ್ತು ಕುಣಿಯುವ ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಲಾವಿದರಿಗೆ ಈ ತೂಕದ ವ್ಯತ್ಯಾಸ ಸಣ್ಣದಲ್ಲ.

ಕೆಲಸ ಶುರುವಾಗುವುದು ಮೂಲಪ್ರತಿಯಿಂದ. ಮರ, ಮೇಣ, ಅಕ್ರಿಲಿಕ್ ಅಥವಾ ತ್ರೀಡಿ ಪ್ರಿಂಟರ್‌ನಿಂದ ಮೊದಲು ಒಂದು ಮಣಿ ಮಾಡಬೇಕು. ಅಚ್ಚು ತನಗೆ ತೋರಿಸಿದ್ದನ್ನೆಲ್ಲ ಹಾಗೆಯೇ ಹಿಡಿಯುತ್ತದೆ, ಬೆರಳಚ್ಚನ್ನೂ ಬಿಡುವುದಿಲ್ಲ. ಮೂಲಪ್ರತಿಯ ಮೈ ಮಂಕಾಗಿದ್ದರೆ ಅದರಿಂದ ಬರುವ ಪ್ರತಿ ಎರಕದ ಮೈಯೂ ಮಂಜು ಕವಿದ ಗಾಜು. ಆದ್ದರಿಂದ 400 ನಂಬರಿನ ನೀರು ಕಾಗದದಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಶುರುಮಾಡಿ 800, 1500, 2000ದವರೆಗೆ ಉಜ್ಜಿ, ಕೊನೆಗೆ ಪಾಲಿಶ್ ಹಾಕಿ ಕನ್ನಡಿಯ ಹೊಳಪಿಗೆ ತರಬೇಕು. ಒಂದು ಮೂಲಪ್ರತಿಯ ಮೇಲೆ ಇಡೀ ದಿನ ಕಳೆದರೂ ಅದು ದಂಡವಲ್ಲ. ಹತ್ತು ಎರಕಗಳನ್ನು ಒಂದೊಂದಾಗಿ ಉಜ್ಜುವ ಕೆಲಸ ಅದರಿಂದ ತಪ್ಪುತ್ತದೆ.

ಅಚ್ಚಿಗೆ ಮರದ ಬದಲು ಸಿಲಿಕೋನ್ ರಬ್ಬರ್. ಇದು ಬಾಗುತ್ತದೆ, ಹಿಗ್ಗುತ್ತದೆ, ರೆಸಿನ್ ಇದಕ್ಕೆ ಅಂಟುವುದಿಲ್ಲ. ಮರದ ಅಚ್ಚಿನಲ್ಲಿ ಗಿಳಿಯ ಕೊಕ್ಕು ಒಳಮುಖವಾಗಿ ಬಾಗಿದ್ದರೆ ಬಿಡಿಸುವಾಗ ಮುರಿಯುತ್ತದೆ, ಸಿಲಿಕೋನ್‌ನಲ್ಲಿ ಜಾರಿ ಬರುತ್ತದೆ. ಇದರಲ್ಲಿ ತವರ ಬೆರೆತದ್ದು, ಪ್ಲಾಟಿನಂ ಬೆರೆತದ್ದು ಎಂದು ಎರಡು ಬಗೆ. ತವರದ್ದು ಅಗ್ಗ, ಹೆಚ್ಚು ಕಿರಿಕಿರಿ ಮಾಡದು, ಆದರೆ ಕಾಲಕ್ರಮೇಣ ಕುಗ್ಗುತ್ತದೆ. ಪ್ಲಾಟಿನಂನದ್ದು ಅಳತೆ ಕೆಡಿಸದು, ಪಾರದರ್ಶಕ ಎರಕಕ್ಕೆ ಅದೇ ಮೇಲು. ಆದರೆ ಗಂಧಕ ಬೆರೆತ ಜೇಡಿ, ಲೇಟೆಕ್ಸ್ ಕೈಗವಸು, ತವರದ ಸಿಲಿಕೋನ್ ಇವುಗಳಲ್ಲಿ ಯಾವುದು ತಗುಲಿದರೂ ಪ್ಲಾಟಿನಂ ಸಿಲಿಕೋನ್ ಆ ಜಾಗದಲ್ಲಿ ಗಟ್ಟಿಯಾಗದೆ ಅಂಟಾಗಿಯೇ ಉಳಿಯುತ್ತದೆ. ಹೊಸಬರ ಅಚ್ಚುಗಳು ಹಾಳಾಗುವುದು ಹೆಚ್ಚಾಗಿ ಇದರಿಂದಲೇ.

ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸುವ ಪ್ರಮಾಣ ಡಬ್ಬಿಯ ಮೇಲೆ ಬರೆದಿರುತ್ತದೆ. ಎಪಾಕ್ಸಿಯಲ್ಲಿ ಎರಡಕ್ಕೆ ಒಂದು, ಮೂರಕ್ಕೆ ಒಂದು ಹೀಗೆ ತಯಾರಕರ ಮೇಲೆ ಹೋಗುತ್ತದೆ. ಆ ಲೆಕ್ಕ ತೂಕದ್ದೋ ಗಾತ್ರದ್ದೋ ಎಂಬುದನ್ನೂ ನೋಡಿಕೊಳ್ಳಬೇಕು. ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾದೀತು ಎಂಬ ನಂಬಿಕೆ ಎಪಾಕ್ಸಿಯಲ್ಲಿ ತಪ್ಪು. ಜೊತೆ ಸಿಗದೆ ಉಳಿದ ಅಣುಗಳಿಂದ ಮಣಿ ಮೆತ್ತಗೇ ಉಳಿಯುತ್ತದೆ. ಪಾತ್ರೆಯ ಬದಿ ಮತ್ತು ತಳ ಕೆರೆದು ನಿಧಾನವಾಗಿ ಕಲಸಿ, ಇನ್ನೊಂದು ಶುಚಿಯಾದ ಪಾತ್ರೆಗೆ ಸುರಿದು ಮತ್ತೆ ಕಲಸುವುದು ಒಳ್ಳೆಯ ರೂಢಿ. ಸರಿಯಾಗಿ ಬೆರೆಯದ ಕಡೆ ಎಣ್ಣೆಯ ಅಲೆಯಂಥ ಗೆರೆಗಳು ಕಾಣುತ್ತವೆ, ಅವು ಎರಕದಲ್ಲಿ ಶಾಶ್ವತವಾಗಿ ಉಳಿದುಬಿಡುತ್ತವೆ.

ಕಲಸುವಾಗ ಸೇರಿದ ಗಾಳಿಯೇ ಪಾರದರ್ಶಕ ಎರಕದ ದೊಡ್ಡ ಶತ್ರು. ರೆಸಿನ್ ಮಂದವಾಗಿರುವುದರಿಂದ ಸಣ್ಣ ಗುಳ್ಳೆಗಳು ಮೇಲೇರುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ರೆಸಿನ್ ತೆಳುವಾಗಿಸುವುದು, ಎತ್ತರದಿಂದ ನೂಲಿನೆಳೆಯಷ್ಟು ಸಣ್ಣ ಧಾರೆಯಾಗಿ ಸುರಿಯುವುದು, ಅಚ್ಚನ್ನು ಓರೆಯಾಗಿ ಹಿಡಿದು ತುಂಬುವುದು ಇವೆಲ್ಲ ಸಹಾಯಕ್ಕೆ ಬರುತ್ತವೆ, ಆದರೆ ಸಾಲುವುದಿಲ್ಲ. ಪಕ್ಕಾ ಕೆಲಸ ಮಾಡುವವರು ಎರಡು ದಾರಿ ಹಿಡಿಯುತ್ತಾರೆ. ನಿರ್ವಾತದ ಪಾತ್ರೆಯಲ್ಲಿಟ್ಟು ಗಾಳಿ ಎಳೆದರೆ ಗುಳ್ಳೆಗಳು ಉಬ್ಬಿ, ಮೇಲೆ ಬಂದು ಒಡೆಯುತ್ತವೆ. ಇಲ್ಲವೇ ಅಚ್ಚಿಗೆ ಸುರಿದ ಮೇಲೆ ಇಡೀ ಅಚ್ಚನ್ನು ಒತ್ತಡದ ಪಾತ್ರೆಯಲ್ಲಿಟ್ಟು ಮೂರು ವಾಯುಭಾರದಷ್ಟು, ಅಂದರೆ ಚದರ ಅಂಗುಲಕ್ಕೆ ಸುಮಾರು 45 ಪೌಂಡ್ ಒತ್ತಡ ಕೊಟ್ಟು ಗಟ್ಟಿಯಾಗುವವರೆಗೆ ಬಿಡುತ್ತಾರೆ. ಹೊರಗಿನ ಗಾಳಿಯದೂ ಸೇರಿ ಒಟ್ಟು ಒತ್ತಡ ನಾಲ್ಕು ಪಟ್ಟಾದಾಗ ಗುಳ್ಳೆಯ ಗಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ, ಒಳಗಿನ ಗಾಳಿ ಬಹುಪಾಲು ರೆಸಿನ್‌ನಲ್ಲೇ ಕರಗಿ ಹೋಗುತ್ತದೆ. ಅಚ್ಚು ಮಾಡುವಾಗಲೂ ಇದೇ ಒತ್ತಡ ಕೊಟ್ಟಿರಬೇಕು. ಇಲ್ಲದಿದ್ದರೆ ಸಿಲಿಕೋನ್‌ನೊಳಗೆ ಉಳಿದ ಗುಳ್ಳೆಗಳು ಒತ್ತಡಕ್ಕೆ ಕುಗ್ಗಿ ಮಣಿಯ ಮೈ ತುಂಬ ಸಣ್ಣ ಸಣ್ಣ ಮೊಡವೆ ಮೂಡುತ್ತವೆ. ಮನೆಯ ಕುಕ್ಕರನ್ನು ಈ ಕೆಲಸಕ್ಕೆ ಹಚ್ಚಲೇಬಾರದು. ಅದು ಒಂದು ವಾಯುಭಾರದಷ್ಟು ಒತ್ತಡಕ್ಕೆ ಮಾಡಿದ್ದು, ಮೂರಕ್ಕೆ ಸಿಡಿಯಬಹುದು.

ಬಾಗಲಕೋಟೆ ಜಿಲ್ಲೆಯ ಹವೆ ಈ ಕೆಲಸಕ್ಕೆ ಅನುಕೂಲವೂ ಹೌದು, ತೊಡಕೂ ಹೌದು. ಒಣ ಹವೆಯಿಂದಾಗಿ ತೇವದ ಕಾಟ ಕರಾವಳಿಯಷ್ಟಿಲ್ಲ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ಮುಟ್ಟುತ್ತದೆ. ಕಾವು ಹತ್ತು ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. 25 ಡಿಗ್ರಿಯಲ್ಲಿ ಅರ್ಧ ಗಂಟೆ ಸಮಯ ಕೊಡುವ ಎಪಾಕ್ಸಿ 40 ಡಿಗ್ರಿಯಲ್ಲಿ ಹತ್ತೇ ನಿಮಿಷಕ್ಕೆ ಬಿಗಿಯತೊಡಗುತ್ತದೆ. ಕ್ರಿಯೆ ತಾನೂ ಶಾಖ ಬಿಡುವುದರಿಂದ ದಪ್ಪ ಎರಕ ಒಳಗೊಳಗೇ ಕಾದು ಹಳದಿಯಾಗುತ್ತದೆ, ಬಿರುಕು ಬಿಡುತ್ತದೆ, ಒಮ್ಮೊಮ್ಮೆ ಹೊಗೆಯನ್ನೂ ಏಳಿಸುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವ ಎರೆಯುವುದು, ದಪ್ಪವಿದ್ದರೆ ಪದರ ಪದರವಾಗಿ ಹುಯ್ಯುವುದು ವಾಸಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗವಿರುವ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಗಾಳಿಯಲ್ಲಿ ತೇಲುವ ಹತ್ತಿಯ ಎಳೆ ಒಂದು ಬಿದ್ದರೂ ಪಾರದರ್ಶಕ ಮಣಿಯೊಳಗೆ ಅದು ಕೂದಲಂತೆ ಎದ್ದು ಕಾಣುತ್ತದೆ. ಎರೆದ ಅಚ್ಚನ್ನು ಕೂಡಲೇ ಮುಚ್ಚಬೇಕು.

ಬಣ್ಣ ಕೊಡುವಾಗಲೂ ಬೆಳಕು ಚದುರಬಾರದೆಂಬ ನಿಯಮವೇ ನಡೆಯುತ್ತದೆ. ಪುಡಿಬಣ್ಣದ ಕಣಗಳು ದ್ರವದಲ್ಲಿ ಕರಗದೆ ತೇಲುತ್ತವೆ, ಬೆಳಕನ್ನು ಚದುರಿಸಿ ಮಣಿಯನ್ನು ಮಂದ ಮಾಡುತ್ತವೆ. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಬೇಕಾದದ್ದು ರೆಸಿನ್‌ನಲ್ಲೇ ಕರಗುವ ಬಣ್ಣ, ಅದೂ ಹನಿಯ ಲೆಕ್ಕದಲ್ಲಿ. ನೂಲಿಗೆ ಹಾಕುವ ನೀರಿನ ಬಣ್ಣಗಳು ಇಲ್ಲಿ ಕೆಲಸಕ್ಕೆ ಬಾರವು.

ಇಷ್ಟಾದರೂ ಮಣಿ ನಿಜವಾದ ರತ್ನದಂತೆ ಮಿನುಗುವುದಿಲ್ಲ. ಬೆಳಕನ್ನು ಬಾಗಿಸುವ ಶಕ್ತಿ ರೆಸಿನ್‌ಗೂ ಸಾಮಾನ್ಯ ಗಾಜಿಗೂ 1.5ರ ಆಸುಪಾಸು, ವಜ್ರಕ್ಕೆ 2.42. ವಜ್ರದ ಹಿಂಬದಿಯ ಮುಖಗಳಿಂದ ಬೆಳಕು ತಿರುಗಿ ಕಣ್ಣಿಗೆ ಬರುತ್ತದೆ, ರೆಸಿನ್‌ನಲ್ಲಿ ಬಹುಪಾಲು ಹಿಂದಕ್ಕೆ ಸೋರಿಹೋಗುತ್ತದೆ. ಇದಕ್ಕೆ ಪರಿಹಾರವನ್ನು ನಮ್ಮ ರಂಗಭೂಮಿಯ ಕುಶಲಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಹರಳಿನ ಹಿಂದೆ ಬೇಗಡೆ ಅಂಟಿಸಿದರೆ ಸೋರುವ ಬೆಳಕು ಮರಳಿ ಮುಂದಕ್ಕೆ ಬರುತ್ತದೆ. ಕಿರೀಟ, ಎದೆಪದಕ, ಭುಜಕೀರ್ತಿಗಳಲ್ಲಿ ಕೂರಿಸುವ ಚಪ್ಪಟೆ ಬೆನ್ನಿನ ರೆಸಿನ್ ಹರಳಿಗೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ದೂರದಿಂದ ನೋಡುವ ಪ್ರೇಕ್ಷಕನಿಗೆ ಬೆಲೆಬಾಳುವ ರೆಸಿನ್‌ಗಿಂತ ಹಿಂದಿನ ತೆಳು ಬೇಗಡೆಯೇ ಹೆಚ್ಚು ಹೊಳಪು ಕೊಡುತ್ತದೆ.

ಅಚ್ಚಿನಿಂದ ಬಿಡಿಸಲು ಅವಸರ ಕೂಡದು. ಒಂದು ದಿನಕ್ಕೆ ಗಟ್ಟಿಯೆನಿಸಿದ ಎಪಾಕ್ಸಿ ಪೂರ್ತಿ ಬಲ ಪಡೆಯಲು ವಾರ ಬೇಕಾಗಬಹುದು. ಸುರಿದ ಬಾಯಿಯ ತುಂಡನ್ನು ಕತ್ತರಿಸಿ, ಕೂಡುಗೆರೆಯನ್ನು ನೀರು ಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡಿದರೆ ಮಣಿ ಸಿದ್ಧ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಕ್ಕೆ ಎಪಾಕ್ಸಿ ಹಳದಿಯಾಗುತ್ತದೆ. ಅದನ್ನು ತಡೆಯುವ ವಸ್ತು ಬೆರೆಸಿದ ರೆಸಿನ್‌ಗಳಿದ್ದರೂ ಅವು ಹಳದಿಯಾಗುವುದನ್ನು ಮುಂದೂಡುತ್ತವೆ ಅಷ್ಟೇ. ಗೂಡಿನೊಳಗೆ ಬಿಸಿಲು ತಾಗದಂತೆ ಇಟ್ಟ ಮಣಿ ಬಹುಕಾಲ ತಿಳಿಯಾಗಿರುತ್ತದೆ.

ಸುರಕ್ಷತೆಯ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಎಪಾಕ್ಸಿಯ ಹಾರ್ಡ್‌ನರ್ ಚರ್ಮಕ್ಕೆ ಪದೇ ಪದೇ ತಗುಲಿದರೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ, ಗಾಳಿಯಾಡುವ ಜಾಗ ಬೇಕೇ ಬೇಕು. ಪಾಲಿಯೆಸ್ಟರ್ ರೆಸಿನ್ ಜೊತೆ ಬರುವ ಕೋಬಾಲ್ಟ್ ದ್ರವವನ್ನೂ ಪೆರಾಕ್ಸೈಡ್ ದ್ರವವನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಬೆಂಕಿ ಹತ್ತಿ ಸ್ಫೋಟವಾಗಬಹುದು. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಉಜ್ಜುವಾಗ ಏಳುವ ಪುಡಿ ಒಳಗೆ ಹೋಗದಂತೆ ನೀರು ಹಾಕಿ ಉಜ್ಜುವುದು ಕ್ಷೇಮ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಸಿನಿಮಾಕ್ಕೋ ನಾಟಕಕ್ಕೋ ಗೌರಿ ಹುಣ್ಣಿಮೆಯ ದೃಶ್ಯ ಬೇಕಾದಾಗ ದೀಪದ ಕಾವಿಗೆ ಕರಗದ ಸಕ್ಕರೆ ಆರತಿ ಬೇಕಾಗುತ್ತದೆ. ಅದನ್ನು ರೆಸಿನ್‌ನಲ್ಲಿ ಎರೆಯಲು ಹೊರಟವರು ಮನೆಯ ಹಳೆಯ ಸಾಗವಾನಿ ಅಚ್ಚಿಗೆ ನೇರವಾಗಿ ರೆಸಿನ್ ಸುರಿಯಬಾರದು. ಮರದ ಸೂಕ್ಷ್ಮ ರಂಧ್ರಗಳಿಗೆ ಇಳಿದ ರೆಸಿನ್ ಅಲ್ಲೇ ಕಚ್ಚಿಕೊಂಡು ಕೆತ್ತನೆಯನ್ನು ಕಿತ್ತು ಬರುತ್ತದೆ. ಆ ಅಚ್ಚು ಮುಂದೆ ತಿನ್ನುವ ಸಕ್ಕರೆಗೂ ಬಾರದು. ಮೊದಲು ವಾಡಿಕೆಯಂತೆ ಸಕ್ಕರೆ ಗೊಂಬೆ ಎರೆದುಕೊಂಡು, ಆ ಗೊಂಬೆಯನ್ನೇ ಮೂಲಪ್ರತಿಯಾಗಿಟ್ಟು ಅದರ ಸುತ್ತ ಸಿಲಿಕೋನ್ ಸುರಿಯಬೇಕು. ಸಿಲಿಕೋನ್ ಗಟ್ಟಿಯಾದ ಮೇಲೆ ಬೆಚ್ಚಗಿನ ನೀರು ಹೊಯ್ದರೆ ಒಳಗಿನ ಸಕ್ಕರೆ ಕರಗಿ ಹೊರಬರುತ್ತದೆ, ಅಚ್ಚು ಬರಿದಾಗುತ್ತದೆ. ಚೆನ್ನಾಗಿ ಒಣಗಿಸಿ ರೆಸಿನ್ ಹುಯ್ದರೆ ಹರಳಿನ ಒರಟು ಮೈಯೂ ಉಳಿದು ಅಸಲಿ ಆರತಿಯಂತೆಯೇ ಬರುತ್ತದೆ. ಹಾಗೆ ಮಾಡಿದ ಗೊಂಬೆಯ ತಳದಲ್ಲಿ ಅದು ರೆಸಿನ್ನಿನದೆಂದು ಅಳಿಸದಂತೆ ಬರೆದು, ಮಕ್ಕಳ ಕೈಗೆ ಸಿಗದಂತೆ ಎತ್ತಿಡಬೇಕು.